ಸರ್ಕಾರಿ ಸಿಬ್ಬಂದಿಯ ಲೆಕ್ಕ: ತಾಳೆ ನೋಡುವವರಿಗೆ ಬಾಗಿಲು ತೆರೆದಿರಲಿ

ವರ್ಷಾಂತ್ಯದಲ್ಲಿ ದಾಸ್ತಾನು ಪುಸ್ತಕವನ್ನು ಗೋದಾಮಿನಲ್ಲಿರುವ ಸರಕಿನೊಡನೆ ತಾಳೆ ನೋಡುವುದು ವ್ಯಾಪಾರದ ಮೊದಲ ಪಾಠ. ಪುಸ್ತಕದಲ್ಲಿ ನೂರು ಮೂಟೆ ಇದ್ದು ಗೋದಾಮಿನಲ್ಲಿ ಎಪ್ಪತ್ತೈದೇ ಕಂಡರೆ ಲೆಕ್ಕಪರಿಶೋಧಕರು ಸಹಿ ಹಾಕುವ ಮೊದಲು ವಿವರಣೆ ಕೇಳುತ್ತಾರೆ. ಸಾಲ ಕೊಟ್ಟ ಬ್ಯಾಂಕು ಎಚ್ಚರಗೊಳ್ಳುತ್ತದೆ. ತೆರಿಗೆ ಅಧಿಕಾರಿಯ ನೋಟಿಸು ಬರುತ್ತದೆ. ಉದ್ಯಮಿಗಳಿಂದ ಇಂತಹ ಶಿಸ್ತನ್ನು ಅಪೇಕ್ಷಿಸುವ ಸರ್ಕಾರಗಳು ತಮ್ಮ ಬಹುದೊಡ್ಡ ವೆಚ್ಚದ ಬಾಬುಗಳಲ್ಲೊಂದಾದ ಸಿಬ್ಬಂದಿಯ ವಿಷಯದಲ್ಲಿ ಅದನ್ನು ಪಾಲಿಸುತ್ತಿವೆಯೇ ಎಂಬ ಪ್ರಶ್ನೆಯನ್ನು ಈಗ ಸಾಮಾನ್ಯ ನಾಗರಿಕರು ಕೇಳತೊಡಗಿದ್ದಾರೆ. ಆಯವ್ಯಯ ಪತ್ರಗಳನ್ನೂ ಸಂಸತ್ತಿನ ಪ್ರಶ್ನೋತ್ತರಗಳನ್ನೂ ಎದುರುಬದುರಾಗಿಟ್ಟು ಓದುವ ಹವ್ಯಾಸವುಳ್ಳ ನಿವೃತ್ತ ನೌಕರರು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಯುವಕರು, ಮಾಹಿತಿ ಹಕ್ಕಿನ ಅರ್ಜಿದಾರರು ಹಾಗೂ ಪತ್ರಕರ್ತರು ಸರ್ಕಾರ ಹೇಳಿದ ಸಂಖ್ಯೆ ಸರಿಯೇ ಎಂದು ಸ್ವತಃ ಪರಿಶೀಲಿಸುತ್ತಿದ್ದಾರೆ. ಈ ಕೆಲಸಕ್ಕೆ ಅಡ್ಡಿ ಮಾಡದೆ ಅನುವು ಮಾಡಿಕೊಡುವುದು ಸರ್ಕಾರದ ಹಿತಕ್ಕೂ ವಾಣಿಜ್ಯ ಕ್ಷೇತ್ರದ ಹಿತಕ್ಕೂ ಅಗತ್ಯವಾಗಿದೆ.

ಒಂದೇ ದಿನ, ಎರಡು ಸಂಖ್ಯೆ

ಕೇಂದ್ರ ಸರ್ಕಾರದ ಉದಾಹರಣೆಯನ್ನೇ ಮೊದಲು ನೋಡಬಹುದು. ಪ್ರತಿ ವರ್ಷದ ಆಯವ್ಯಯದೊಂದಿಗೆ ಸಚಿವಾಲಯವಾರು ಸಿಬ್ಬಂದಿಯ ಅಂದಾಜು ಸಂಖ್ಯೆಯ ಪಟ್ಟಿಯೊಂದು ಪ್ರಕಟವಾಗುತ್ತದೆ. 2021ರ ಫೆಬ್ರವರಿಯಲ್ಲಿ ಮಂಡಿಸಲಾದ ಆಯವ್ಯಯದ ಈ ಪಟ್ಟಿಯು 2021ರ ಮಾರ್ಚ್ 1ರ ವೇಳೆಗೆ ಕೇಂದ್ರದ ಸಿಬ್ಬಂದಿ ಸುಮಾರು 34 ಲಕ್ಷಕ್ಕೆ ಏರಲಿದೆ ಎಂದು ಅಂದಾಜು ಮಾಡಿತ್ತು. ಎರಡು ವರ್ಷಗಳಲ್ಲಿ 1.4 ಲಕ್ಷಕ್ಕೂ ಹೆಚ್ಚು ಉದ್ಯೋಗ ಸೃಷ್ಟಿಯಾಯಿತೆಂದು ಪತ್ರಿಕೆಗಳು ಅದನ್ನು ವರದಿ ಮಾಡಿದವು. ಅಂದಾಜು ಎಂಬ ಪದ ಶೀರ್ಷಿಕೆಗಳನ್ನು ತಲುಪುವಷ್ಟರಲ್ಲಿ ಕಳೆದುಹೋಗಿತ್ತು.

2022ರ ಜುಲೈನಲ್ಲಿ ಲೋಕಸಭೆಗೆ ನೀಡಲಾದ ಲಿಖಿತ ಉತ್ತರ ಬೇರೆಯೇ ಚಿತ್ರವನ್ನು ಮುಂದಿಟ್ಟಿತು. ಅದೇ 2021ರ ಮಾರ್ಚ್ 1ರಂದು ಮಂಜೂರಾದ ಹುದ್ದೆಗಳು 40,35,203, ಕೆಲಸದಲ್ಲಿದ್ದವರು 30,55,876, ಖಾಲಿ ಇದ್ದ ಹುದ್ದೆಗಳು 9,79,327. ಅಂದರೆ ನಾಲ್ಕು ಹುದ್ದೆಗಳಲ್ಲಿ ಸುಮಾರು ಒಂದು ಖಾಲಿ. ಒಂದೇ ದಿನಾಂಕಕ್ಕೆ ಸಂಬಂಧಿಸಿದಂತೆ ಅಂದಾಜಿಗೂ ವಾಸ್ತವಕ್ಕೂ ಮೂರು ಲಕ್ಷಕ್ಕೂ ಮಿಕ್ಕಿದ ಅಂತರ! ಹಿಂದಿನ ವರ್ಷ, ಅಂದರೆ 2020ರ ಮಾರ್ಚ್ 1ರಂದು, ಕೆಲಸದಲ್ಲಿದ್ದವರು 31,32,698 ಮಂದಿ. ಏಳನೇ ಕೇಂದ್ರ ವೇತನ ಆಯೋಗದ ವರದಿಯಂತೆ 2014ರ ಆರಂಭದಲ್ಲಿ ಈ ಸಂಖ್ಯೆ 33.02 ಲಕ್ಷವಿತ್ತು. ಹೀಗೆ ಅಂದಾಜುಗಳು ಏರುಮುಖವಾಗಿದ್ದ ಅವಧಿಯಲ್ಲಿಯೇ ವಾಸ್ತವ ಸಂಖ್ಯೆ ಇಳಿಮುಖವಾಗಿತ್ತು.

ಎರಡು ಪಟ್ಟಿಗಳ ವ್ಯಾಪ್ತಿ ಒಂದೇ ಅಲ್ಲ ಎಂಬ ಸಮಜಾಯಿಷಿ ಬರಬಹುದು. ಹಾಗಿದ್ದಲ್ಲಿ ಯಾವ ಪಟ್ಟಿಯಲ್ಲಿ ಯಾರು ಸೇರಿದ್ದಾರೆ, ಯಾರು ಸೇರಿಲ್ಲ ಎಂಬ ಹೊಂದಾಣಿಕೆ ಪತ್ರವೊಂದನ್ನು ಜೊತೆಗೇ ಪ್ರಕಟಿಸುವುದು ಕಷ್ಟದ ಕೆಲಸವಲ್ಲ. ಬ್ಯಾಂಕಿನ ಪಾಸ್‌ಬುಕ್ಕಿಗೂ ತನ್ನ ನಗದು ಪುಸ್ತಕಕ್ಕೂ ವ್ಯತ್ಯಾಸ ಬಂದಾಗ ಸಣ್ಣ ಅಂಗಡಿಯ ಗುಮಾಸ್ತನೂ ಮಾಡುವ ಕೆಲಸವಿದು. 2022ರ ಜೂನ್‌ನಲ್ಲಿ ಪ್ರಧಾನಮಂತ್ರಿಯವರು ಒಂದೂವರೆ ವರ್ಷದಲ್ಲಿ 10 ಲಕ್ಷ ಮಂದಿಯ ನೇಮಕಾತಿಗೆ ಸೂಚಿಸಿದ ಬಳಿಕ, ಅದೇ ವರ್ಷದ ಅಕ್ಟೋಬರಿನಿಂದ ನೇಮಕಾತಿ ಪತ್ರ ವಿತರಣೆಯ ಮೇಳಗಳು ನಡೆದವು. ಹಂಚಿದ ಪತ್ರಗಳ ಸಂಖ್ಯೆ ಪ್ರಚಾರ ಪಡೆಯಿತು. ಆದರೆ ಅದೇ ಅವಧಿಯಲ್ಲಿ ನಿವೃತ್ತರಾದವರೆಷ್ಟು, ರದ್ದಾದ ಹುದ್ದೆಗಳೆಷ್ಟು ಎಂಬುದನ್ನು ಕಳೆದು ನೋಡಿದಾಗಲೇ ನಿವ್ವಳ ಸಂಖ್ಯೆ ದೊರೆಯುತ್ತದೆ. ಒಟ್ಟು ಮಾರಾಟವನ್ನೇ ನಿವ್ವಳ ಲಾಭವೆಂದು ತೋರಿಸುವ ಸಂಸ್ಥೆಯನ್ನು ಯಾವ ಷೇರುದಾರನೂ ನಂಬಲಾರ.

ಸಂಖ್ಯೆ ನಿಜ, ಚಿತ್ರ ಅಪೂರ್ಣ

ಪ್ರಕಟಿಸಿದ ಸಂಖ್ಯೆಯಲ್ಲಿ ತಪ್ಪಿಲ್ಲದೆಯೂ ಓದುಗರು ದಾರಿ ತಪ್ಪಬಹುದೆಂಬುದಕ್ಕೆ ಬ್ರಿಟನ್ನಿನ ಪೊಲೀಸ್ ನೇಮಕಾತಿ ಉತ್ತಮ ನಿದರ್ಶನ. 2019ರಲ್ಲಿ ಅಲ್ಲಿನ ಸರ್ಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 20,000 ಪೊಲೀಸ್ ಅಧಿಕಾರಿಗಳನ್ನು ಹೆಚ್ಚುವರಿಯಾಗಿ ನೇಮಿಸುವ ಭರವಸೆ ನೀಡಿತು. 2023ರ ಮಾರ್ಚ್ ವೇಳೆಗೆ ಗುರಿ ಮುಟ್ಟಿತು. ಆದರೆ 2010ರಲ್ಲಿ ಸುಮಾರು 1.44 ಲಕ್ಷವಿದ್ದ ಅಧಿಕಾರಿಗಳ ಸಂಖ್ಯೆ ಮಿತವ್ಯಯದ ವರ್ಷಗಳಲ್ಲಿ ಸುಮಾರು 1.22 ಲಕ್ಷಕ್ಕೆ ಇಳಿದಿತ್ತು. ನೇಮಕಾತಿಯ ನಂತರದ ಒಟ್ಟು ಸಂಖ್ಯೆ 1.47 ಲಕ್ಷ. ನಡುವೆ ಜನಸಂಖ್ಯೆಯೂ ಬೆಳೆದಿತ್ತು. ಹೆಚ್ಚುವರಿ ಎಂಬ ಮಾತಿನ ಬಹುಪಾಲು ಹಿಂದೆ ಕಳೆದುಕೊಂಡದ್ದರ ಭರ್ತಿಯೇ ಆಗಿತ್ತೆಂಬುದು ಮೂಲ ವರ್ಷವನ್ನು ಬದಲಿಸಿ ನೋಡಿದವರಿಗೆ ಸ್ಪಷ್ಟವಾಯಿತು.

ಈ ತಾಳೆ ಅಲ್ಲಿ ಸಾಧ್ಯವಾದದ್ದು ಅಂಕಿ-ಅಂಶಗಳು ನಿಗದಿತ ಕಾಲಕ್ಕೆ, ಎಲ್ಲರೂ ಲೆಕ್ಕ ಹಾಕಬಹುದಾದ ರೂಪದಲ್ಲಿ ಪ್ರಕಟವಾಗುತ್ತಿದ್ದುದರಿಂದ. 2007ರ ಕಾಯ್ದೆಯೊಂದರ ಮೂಲಕ ರಚಿತವಾದ ಸ್ವತಂತ್ರ ಅಂಕಿ-ಅಂಶ ಪ್ರಾಧಿಕಾರಕ್ಕೆ ಸಚಿವರು ಅಂಕಿಗಳನ್ನು ತಪ್ಪಾಗಿ ಬಳಸಿದಾಗ ಬಹಿರಂಗವಾಗಿ ಪತ್ರ ಬರೆದು ಎಚ್ಚರಿಸುವ ಸ್ಥಾನವಿದೆ. 2010ರ ನಂತರ ಅಲ್ಲಿನ ಇಲಾಖೆಗಳು ಕಾಯಂ ನೌಕರರ ಜೊತೆಗೆ ಏಜೆನ್ಸಿಗಳ ಮೂಲಕ ಬಂದವರು ಹಾಗೂ ಸಲಹೆಗಾರರ ಸಂಖ್ಯೆ ಮತ್ತು ವೆಚ್ಚವನ್ನು ತಿಂಗಳುವಾರು ಪ್ರಕಟಿಸುವ ಕ್ರಮವನ್ನೂ ಆರಂಭಿಸಿದವು. ಭಾರತದಲ್ಲಿ ಅನುಸರಿಸಬಹುದಾದ ಮಾದರಿ ಇದು.

ಹುದ್ದೆ, ನೌಕರ, ಖಾಲಿ: ಅರ್ಥಗಳ ಗೊಂದಲ

ಸರ್ಕಾರಿ ಸಿಬ್ಬಂದಿಯ ಲೆಕ್ಕದಲ್ಲಿ ಪದಗಳ ಅರ್ಥವೇ ಅರ್ಧ ಸಮಸ್ಯೆ. ಮಂಜೂರಾದ ಹುದ್ದೆ ಎಂದರೆ ಎಂದೋ ಹೊರಡಿಸಿದ ಆದೇಶದ ಮೇರೆಗೆ ಕಾಗದದ ಮೇಲಿರುವ ಸ್ಥಾನ. ಅದು ಇಂದಿನ ಅಗತ್ಯವನ್ನು ಸೂಚಿಸಬೇಕೆಂದೇನೂ ಇಲ್ಲ. ಬೆರಳಚ್ಚು ಯಂತ್ರಗಳ ಕಾಲದ ಹುದ್ದೆಗಳು ಪಟ್ಟಿಯಲ್ಲಿ ಉಳಿದಿರಬಹುದು. ಹೊಸ ಕೈಗಾರಿಕಾ ಪ್ರದೇಶಕ್ಕೆ ಬೇಕಾದ ತಾಂತ್ರಿಕ ಹುದ್ದೆ ಮಂಜೂರಾಗದೆಯೇ ಇರಬಹುದು. ಭರ್ತಿಯಾಗಿದೆ ಎಂದು ತೋರಿಸಿದ ಹುದ್ದೆಯ ಅಧಿಕಾರಿ ನಿಯೋಜನೆಯ ಮೇಲೆ ಬೇರೊಂದು ಇಲಾಖೆಯಲ್ಲಿರಬಹುದು. ಒಬ್ಬರೇ ಅಧಿಕಾರಿ ಹೆಚ್ಚುವರಿ ಪ್ರಭಾರದಲ್ಲಿ ಎರಡು ಮೂರು ತಾಲ್ಲೂಕುಗಳ ಕುರ್ಚಿಗಳನ್ನು ನಿಭಾಯಿಸುತ್ತಿರಬಹುದು.

ಖಾಲಿ ಹುದ್ದೆಗಳ ಸಂಖ್ಯೆ ಇಳಿದರೆ ಅದನ್ನು ಸುಧಾರಣೆಯೆಂದು ಭಾವಿಸುವುದು ಸಹಜ. ಆದರೆ ಅದು ಎರಡು ರೀತಿಯಲ್ಲಿ ಇಳಿಯಬಹುದು: ಹುದ್ದೆಗೆ ಜನರನ್ನು ನೇಮಿಸಿ ಅಥವಾ ಹುದ್ದೆಯನ್ನೇ ರದ್ದುಮಾಡಿ. 2018ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಐದು ವರ್ಷಗಳಿಗೂ ಹೆಚ್ಚು ಕಾಲ ಖಾಲಿ ಉಳಿದ ಹುದ್ದೆಗಳನ್ನು ರದ್ದುಪಡಿಸುವ ಬಗ್ಗೆ ಎಲ್ಲ ಸಚಿವಾಲಯಗಳಿಂದ ವರದಿ ಕೇಳಿತ್ತು. ಅನಗತ್ಯ ಹುದ್ದೆಗಳ ರದ್ದತಿ ತಪ್ಪಲ್ಲ. ಅನೇಕ ವೇಳೆ ಅದು ಸ್ವಾಗತಾರ್ಹವೇ. ಎರಡು ಬಗೆಯ ಇಳಿಕೆಗಳನ್ನು ಒಂದೇ ಅಂಕಿಯಲ್ಲಿ ಬೆರೆಸಿ ಹೇಳುವುದು ಮಾತ್ರ ಸರಿಯಲ್ಲ.

ನಮ್ಮಲ್ಲೊಂದು ನಾಣ್ಣುಡಿಯಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸರ್ಕಾರಿ ಕಚೇರಿಗಳ ಹೊರಗುತ್ತಿಗೆ ನೌಕರರ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ತಾತ್ಕಾಲಿಕ ನೌಕರರನ್ನು ಕಾಯಂಗೊಳಿಸುವುದರ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2006ರ ಏಪ್ರಿಲ್‌ನಲ್ಲಿ ನೀಡಿದ ಪ್ರಸಿದ್ಧ ಉಮಾದೇವಿ ಪ್ರಕರಣದ ತೀರ್ಪು ಕರ್ನಾಟಕದಿಂದಲೇ ಹೋದ ಮೊಕದ್ದಮೆ. ಹಿಂಬಾಗಿಲಿನ ನೇಮಕಾತಿಗೆ ತಡೆಯೊಡ್ಡುವುದು ಆ ತೀರ್ಪಿನ ಆಶಯವಾಗಿತ್ತು. ಆದರೂ ಗುತ್ತಿಗೆ ಮತ್ತು ಹೊರಗುತ್ತಿಗೆಯ ಅವಲಂಬನೆ ಮುಂದುವರಿಯಿತು. ದತ್ತಾಂಶ ನಮೂದಿಸುವವರು, ವಾಹನ ಚಾಲಕರು, ಆಸ್ಪತ್ರೆಯ ಶುಶ್ರೂಷಕರು ಹೀಗೆ ನಿತ್ಯದ ಕೆಲಸ ಸಾಗಿಸುವ ಬಹುಸಂಖ್ಯೆಯ ಜನ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಅವರ ವೆಚ್ಚವೂ ಅನೇಕ ಬಾರಿ ವೇತನದ ಶೀರ್ಷಿಕೆಯಡಿ ಬಾರದೆ ಇತರೆ ವೆಚ್ಚಗಳಲ್ಲಿ ಸೇರಿಹೋಗುತ್ತದೆ. ಹೀಗಾಗಿ ಸಿಬ್ಬಂದಿ ಕಡಿಮೆಯೆಂದು ಕೊರಗುವ ಇಲಾಖೆ ವಾಸ್ತವವಾಗಿ ಎಷ್ಟು ಜನರಿಂದ ನಡೆಯುತ್ತಿದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಲೆಕ್ಕ ತಪ್ಪಿದಾಗ ತೆರುವ ಬೆಲೆ

ಮೇಲಿನ ನಾಣ್ಣುಡಿಯನ್ನು ತಿರುಗಿಸಿ ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂದರೆ ಇನ್ನೊಂದು ಪಿಡುಗಿನ ಹೆಸರು ಸಿಗುತ್ತದೆ. 2009ರಲ್ಲಿ ಬಯೋಮೆಟ್ರಿಕ್ ಹಾಜರಾತಿ ಜಾರಿಯಾದಾಗ ದೆಹಲಿ ಮಹಾನಗರ ಪಾಲಿಕೆಯ ಪಟ್ಟಿಯಲ್ಲಿದ್ದ 1,27,094 ನೌಕರರ ಪೈಕಿ 22,853 ಮಂದಿಯ ಗುರುತು ಪತ್ತೆಯಾಗಲಿಲ್ಲವೆಂದು ಪ್ರಕಟಿಸಲಾಯಿತು. ಆ ಹೆಸರುಗಳಿಗೆ ಮಾಸಿಕ ಸುಮಾರು 17 ಕೋಟಿ ರೂಪಾಯಿ ವೇತನ ಸಂದಾಯವಾಗುತ್ತಿತ್ತೆಂಬ ಅಂದಾಜು ದೇಶದ ಗಮನ ಸೆಳೆಯಿತು.

ಲೆಕ್ಕದ ತಪ್ಪು ಬೊಕ್ಕಸಕ್ಕೆ ಮಾತ್ರ ನಷ್ಟ ತರುವುದಿಲ್ಲ. ಬೆಂಗಳೂರಿನಲ್ಲಿ 2017-18ರ ಸುಮಾರಿಗೆ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್ ಹಾಜರಾತಿ ಹಾಗೂ ಗುತ್ತಿಗೆದಾರರ ಬದಲು ನೇರ ವೇತನ ಪಾವತಿಯ ವ್ಯವಸ್ಥೆ ಬಂದಾಗ ಗುತ್ತಿಗೆದಾರರ ಪಟ್ಟಿಯಲ್ಲಿದ್ದ ಸಾವಿರಾರು ಹೆಸರುಗಳು ಕಳಚಿಬಿದ್ದವು. ಸುಳ್ಳು ಹೆಸರುಗಳು ಹೋದದ್ದು ಒಳ್ಳೆಯದೇ. ಆದರೆ ಪ್ರತಿದಿನ ಬೀದಿ ಗುಡಿಸುತ್ತಿದ್ದ ನಿಜವಾದ ಕಾರ್ಮಿಕರಲ್ಲಿಯೂ ಹಲವರು ಪಟ್ಟಿಯಿಂದ ಹೊರಗುಳಿದು ತಿಂಗಳುಗಟ್ಟಲೆ ಕೂಲಿಯಿಲ್ಲದೆ ಬಳಲಿದರು. 2018ರ ಜುಲೈನಲ್ಲಿ ಹೀಗೆ ವೇತನ ಕಾಣದ ಪೌರಕಾರ್ಮಿಕರೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಪಟ್ಟಿ ಮೊದಲಿನಿಂದಲೂ ವಾರ್ಡುವಾರು ಪ್ರಕಟವಾಗಿ, ಆಯಾ ಬಡಾವಣೆಯ ನಾಗರಿಕರ ಕಣ್ಣಿಗೆ ಬೀಳುವಂತಿದ್ದಿದ್ದರೆ ಸುಳ್ಳು ಹೆಸರು ಸೇರುವುದೂ ನಿಜವಾದ ಹೆಸರು ಬಿಡುವುದೂ ಇಷ್ಟು ಸುಲಭವಾಗುತ್ತಿರಲಿಲ್ಲ.

ವಾಣಿಜ್ಯ ಕ್ಷೇತ್ರಕ್ಕೇಕೆ ಈ ಚಿಂತೆ?

ಸರ್ಕಾರಿ ಹುದ್ದೆಗಳ ವಿಷಯ ನೌಕರರ ಸಂಘಗಳಿಗೂ ಉದ್ಯೋಗಾಕಾಂಕ್ಷಿಗಳಿಗೂ ಬಿಟ್ಟದ್ದೆಂದು ಉದ್ಯಮಿಗಳು ಭಾವಿಸುವುದು ತರವಲ್ಲ. ಕಾರ್ಖಾನೆಯ ಪರವಾನಗಿ, ತೂಕ ಮತ್ತು ಅಳತೆಯ ಮುದ್ರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಜಮೀನಿನ ನೋಂದಣಿ, ತೆರಿಗೆ ಮರುಪಾವತಿ ಇವೆಲ್ಲವೂ ಯಾವುದೋ ಮೇಜಿನ ಹಿಂದೆ ಕುಳಿತ ಅಧಿಕಾರಿಯ ಸಹಿಯನ್ನು ಕಾಯುತ್ತವೆ. ಅರ್ಜಿ ಗಣಕಯಂತ್ರದ ಮೂಲಕ ಸಲ್ಲಿಕೆಯಾದರೂ ಸ್ಥಳ ಪರಿಶೀಲನೆಗೆ ಮನುಷ್ಯನೇ ಬರಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 2024ರಲ್ಲಿ ಸಲ್ಲಿಸಿದ ವಿವರದ ಪ್ರಕಾರ ದೇಶದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳು ಹಾಗೂ ಸಮಿತಿಗಳಲ್ಲಿ ಮಂಜೂರಾದ 11,562 ಹುದ್ದೆಗಳಲ್ಲಿ 5,671 ಖಾಲಿ ಇದ್ದವು. ಅಂದರೆ ಸರಿಸುಮಾರು ಅರ್ಧ. ಇಂತಹ ಮಂಡಳಿಯ ಮುಂದೆ ಪ್ರಾಮಾಣಿಕ ಉದ್ಯಮಿಯ ಅರ್ಜಿ ವಿಳಂಬವಾಗುತ್ತದೆ, ನಿಯಮ ಮುರಿಯುವ ಘಟಕ ತಪಾಸಣೆಯಿಂದ ತಪ್ಪಿಸಿಕೊಳ್ಳುತ್ತದೆ. ಎರಡೂ ಸ್ಥಿತಿಗಳಲ್ಲಿ ನಷ್ಟ ಪ್ರಾಮಾಣಿಕನಿಗೇ. ಸರದಿಯನ್ನು ಹಿಂದೆ ಹಾಕಿ ಮುಂದೆ ಹೋಗಲು ಮಧ್ಯವರ್ತಿಗಳು ಹುಟ್ಟಿಕೊಳ್ಳುವುದೂ ಇಂತಹ ಕೊರತೆಯ ಎಡೆಯಲ್ಲಿಯೇ.

ಕರ್ನಾಟಕದ ಸಕಾಲ ಅಧಿನಿಯಮವು 2012ರಿಂದ ನಾಗರಿಕ ಸೇವೆಗಳಿಗೆ ಕಾಲಮಿತಿಯನ್ನು ವಿಧಿಸಿದೆ. ಕಾಲಮಿತಿಯ ಆಶ್ವಾಸನೆ ನೀಡುವ ಕಚೇರಿಯಲ್ಲಿ ಅದನ್ನು ಪೂರೈಸುವಷ್ಟು ಜನರಿದ್ದಾರೆಯೇ ಎಂದು ತಿಳಿಯುವ ಹಕ್ಕು ಅರ್ಜಿದಾರನಿಗಿದೆ. ಹೊಸ ಘಟಕವನ್ನು ಯಾವ ಜಿಲ್ಲೆಯಲ್ಲಿ ಸ್ಥಾಪಿಸಬೇಕೆಂದು ಯೋಚಿಸುವ ಉದ್ಯಮಿಗೆ ರಸ್ತೆ, ನೀರು, ವಿದ್ಯುತ್ತಿನಷ್ಟೇ ಅಲ್ಲಿನ ಕಚೇರಿಗಳ ಸಾಮರ್ಥ್ಯವೂ ಮುಖ್ಯವಾದ ಮಾಹಿತಿ.

ತೆರಿಗೆದಾರನ ದೃಷ್ಟಿಯಿಂದಲೂ ವಿಷಯ ಗಂಭೀರವಾದುದು. ಶ್ರೀ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ವಾರ್ಷಿಕ ಹೆಚ್ಚುವರಿ ಹೊರೆ 20,208 ಕೋಟಿ ರೂಪಾಯಿಗಳೆಂದು ಸರ್ಕಾರ ತಿಳಿಸಿತು. ನೌಕರರಿಗೆ ನ್ಯಾಯವಾದ ವೇತನ ಸಲ್ಲಲೇಬೇಕು. ಆದರೆ ಇಷ್ಟು ದೊಡ್ಡ ಮೊತ್ತ ಎಷ್ಟು ಜನರಿಗೆ, ಯಾವ ಕೆಲಸಕ್ಕೆ, ಎಲ್ಲಿ ಸಂದಾಯವಾಗುತ್ತಿದೆ ಎಂಬುದು ತೆರಿಗೆ ಕಟ್ಟುವವರಿಗೆ ಸುಲಭವಾಗಿ ತಿಳಿಯುವಂತಿರಬೇಡವೇ?

ಸಾಧನಗಳಿವೆ, ಸಂಕಲ್ಪ ಬೇಕು

ಕರ್ನಾಟಕದಲ್ಲಿ ಮಂಜೂರಾದ ಏಳೂವರೆ ಲಕ್ಷಕ್ಕೂ ಹೆಚ್ಚಿನ ಹುದ್ದೆಗಳಲ್ಲಿ ಎರಡೂವರೆ ಲಕ್ಷದಷ್ಟು ಖಾಲಿ ಇವೆಯೆಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಶಾಸನಸಭೆಯ ಒಳಗೂ ಹೊರಗೂ ಮತ್ತೆ ಮತ್ತೆ ಕೇಳಿಬಂದಿದೆ. ಒಟ್ಟು ಸಂಖ್ಯೆಯಷ್ಟೇ ತಿಳಿದರೆ ಪ್ರಯೋಜನ ಅಲ್ಪ. ಶಿಕ್ಷಕರೆಷ್ಟು, ತಾಂತ್ರಿಕ ಅಧಿಕಾರಿಗಳೆಷ್ಟು, ಬೀದರಿನಲ್ಲೆಷ್ಟು, ಬೆಂಗಳೂರಿನಲ್ಲೆಷ್ಟು ಎಂಬ ವಿವರವೇ ಮುಖ್ಯ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ನೀಡಿತು. 2012ರ ಸಂವಿಧಾನ ತಿದ್ದುಪಡಿಯ ಮೂಲಕ ಬಂದ 371ನೇ ಜೆ ವಿಧಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಉದ್ಯೋಗದಲ್ಲಿ ಮೀಸಲಾತಿಗೆ ಅವಕಾಶ ಕಲ್ಪಿಸಿತು. ಈ ಕ್ರಮಗಳ ಫಲವನ್ನು ಅಳೆಯಬೇಕಾದರೆ ತಾಲ್ಲೂಕುವಾರು, ಹುದ್ದೆವಾರು ಅಂಕಿಗಳು ಸಾರ್ವಜನಿಕರ ಕೈಗೆಟುಕಬೇಕು.

ಈ ಮಾಹಿತಿಯನ್ನು ಹೊಸದಾಗಿ ಸಂಗ್ರಹಿಸುವ ಅಗತ್ಯವೂ ಹೆಚ್ಚಾಗಿ ಇಲ್ಲ. ರಾಜ್ಯ ಸರ್ಕಾರಿ ನೌಕರರ ವೇತನ ಬಿಲ್ಲುಗಳು ಎಚ್‌ಆರ್‌ಎಂಎಸ್ ಎಂಬ ಗಣಕೀಕೃತ ವ್ಯವಸ್ಥೆಯ ಮೂಲಕ ಸಿದ್ಧವಾಗುತ್ತವೆ; ಹಣ ಖಜಾನೆಯ ಮೂಲಕ ಪಾವತಿಯಾಗುತ್ತದೆ. ಪ್ರತಿ ತಿಂಗಳ ವೇತನ ದಿನದಂದು ಕಾಯಂ ನೌಕರರೆಷ್ಟು ಮಂದಿ ಎಂಬುದು ಸರ್ಕಾರದ ಬಳಿ ಸಿದ್ಧವಾಗಿಯೇ ಇರುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಮು ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಅಧಿಕಾರಿ ಮತ್ತು ನೌಕರರ ಪಟ್ಟಿಯನ್ನೂ ಅವರ ಮಾಸಿಕ ಸಂಭಾವನೆಯನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ವಿಧಿಸುತ್ತದೆ. ಅನೇಕ ಕಚೇರಿಗಳಲ್ಲಿ ಈ ಪಟ್ಟಿ ವರ್ಷಗಟ್ಟಲೆ ಪರಿಷ್ಕರಣೆ ಕಾಣದೆ, ನಿವೃತ್ತರಾದವರ ಹೆಸರುಗಳನ್ನೇ ಹೊತ್ತು ಕುಳಿತಿರುತ್ತದೆ. ಕಾನೂನಿನ ಕೊರತೆಗಿಂತ ಪಾಲನೆಯ ಕೊರತೆಯೇ ಇಲ್ಲಿ ಹೆಚ್ಚು.

ವೈಯಕ್ತಿಕ ಮಾಹಿತಿಯ ರಕ್ಷಣೆಯ ಪ್ರಶ್ನೆಯನ್ನು ಕೆಲವರು ಎತ್ತುವುದುಂಟು. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿಗೂ ತಿದ್ದುಪಡಿ ತಂದಿದೆ. ಆದರೆ ಒಂದು ಉಪನೋಂದಣಿ ಕಚೇರಿಯಲ್ಲಿ ಆರು ಹುದ್ದೆಗಳಿದ್ದು ಮೂರು ಖಾಲಿ ಇವೆ ಎಂದು ಹೇಳುವುದರಿಂದ ಯಾವ ವ್ಯಕ್ತಿಯ ಖಾಸಗಿತನಕ್ಕೂ ಧಕ್ಕೆಯಿಲ್ಲ. ಹುದ್ದೆಗಳ ಎಣಿಕೆಗೆ ಹೆಸರುಗಳು ಬೇಕಿಲ್ಲ.

ತಾಳೆ ನೋಡುವವರಿಗೂ ಶಿಸ್ತು ಬೇಕು

ಸರ್ಕಾರದ ಅಂಕಿಗಳನ್ನು ಪ್ರಶ್ನಿಸುವವರೆಲ್ಲರೂ ಸದಾ ಸರಿಯೆಂದು ಹೇಳಲಾಗದು. ಬೇರೆ ಬೇರೆ ದಿನಾಂಕಗಳ ಸಂಖ್ಯೆಗಳನ್ನು ಹೋಲಿಸುವುದು, ನಿಗಮ ಮಂಡಳಿಗಳ ನೌಕರರನ್ನು ಒಂದೆಡೆ ಸೇರಿಸಿ ಇನ್ನೊಂದೆಡೆ ಬಿಡುವುದು, ಖಾಲಿ ಹುದ್ದೆಯೆಲ್ಲವೂ ನಾಳೆಯೇ ತುಂಬಬೇಕಾದ ಉದ್ಯೋಗವೆಂದು ಯುವಕರಲ್ಲಿ ಹುಸಿ ಆಸೆ ಹುಟ್ಟಿಸುವುದು ಇವೆಲ್ಲ ನಡೆಯುತ್ತಿವೆ. ಟೀಕಿಸುವವರು ಮೂಲ ದಾಖಲೆ ಯಾವುದು, ದಿನಾಂಕ ಯಾವುದು, ಯಾರನ್ನು ಎಣಿಸಲಾಗಿದೆ ಎಂಬ ಮೂರು ವಿಷಯಗಳನ್ನು ಮೊದಲು ಹೇಳಿ ಆಮೇಲೆ ತೀರ್ಮಾನಕ್ಕೆ ಬರಬೇಕು. ಲೆಕ್ಕ ಕೇಳುವವನ ಲೆಕ್ಕವೂ ಶುದ್ಧವಾಗಿರಬೇಕು.

ಅಂತೆಯೇ ತಪ್ಪನ್ನು ತೋರಿಸಿದ ನಾಗರಿಕನನ್ನು ವಿರೋಧಿಯೆಂದು ಕಾಣುವ ಪ್ರವೃತ್ತಿಯನ್ನು ಇಲಾಖೆಗಳು ಬಿಡಬೇಕು. ಲೆಕ್ಕಪರಿಶೋಧಕರು ಹುಡುಕಿ ಕೊಟ್ಟ ತಪ್ಪಿಗಾಗಿ ಅವರ ಮೇಲೆಯೇ ಸಿಡುಕುವ ಮಾಲೀಕನ ವ್ಯಾಪಾರ ಬಹುಕಾಲ ಉಳಿಯುವುದಿಲ್ಲ. ಮಹಾಲೇಖಪಾಲರ ವರದಿ ಬರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ನಾಗರಿಕರ ಪರಿಶೀಲನೆ ಅದೇ ತಿಂಗಳಲ್ಲಿ, ಸರ್ಕಾರಕ್ಕೆ ಯಾವ ಖರ್ಚೂ ಇಲ್ಲದೆ ನಡೆಯುತ್ತದೆ.

ಆಗಬೇಕಾದುದೇನು?

ಮೊದಲನೆಯದಾಗಿ, ರಾಜ್ಯ ಸರ್ಕಾರವು ಮೂರು ತಿಂಗಳಿಗೊಮ್ಮೆ, ನಿಗದಿತ ದಿನಾಂಕದಂದು, ಕಚೇರಿವಾರು ಸಿಬ್ಬಂದಿ ಪಟ್ಟಿಯನ್ನು ಪ್ರಕಟಿಸಬೇಕು. ಮಂಜೂರಾದ ಹುದ್ದೆ, ಕಾಯಂ ನೌಕರರು, ನಿಯೋಜನೆಯ ಮೇಲೆ ಹೊರಗಿರುವವರು, ಗುತ್ತಿಗೆ ಮತ್ತು ಹೊರಗುತ್ತಿಗೆಯವರು, ಹೆಚ್ಚುವರಿ ಪ್ರಭಾರದಲ್ಲಿ ನಡೆಯುತ್ತಿರುವ ಹುದ್ದೆಗಳು ಎಂಬ ಐದು ಅಂಕಣಗಳು ಅದರಲ್ಲಿರಬೇಕು. ಎರಡನೆಯದಾಗಿ, ಹಿಂದಿನ ಪಟ್ಟಿಗೂ ಹೊಸ ಪಟ್ಟಿಗೂ ಬಂದ ವ್ಯತ್ಯಾಸವನ್ನು ನೇಮಕಾತಿ, ನಿವೃತ್ತಿ, ವರ್ಗಾವಣೆ, ಹುದ್ದೆ ರದ್ದತಿ ಎಂದು ಬಿಡಿಸಿ ತೋರಿಸಬೇಕು. ಮೂರನೆಯದಾಗಿ, ಪಟ್ಟಿ ಚಿತ್ರರೂಪದ ಪುಟಗಳಾಗಿರದೆ ಗಣಕಯಂತ್ರದಲ್ಲಿ ಕೂಡಿಸಿ ಕಳೆಯಲು ಬರುವ ರೂಪದಲ್ಲಿ, ಕನ್ನಡದಲ್ಲಿ ದೊರೆಯಬೇಕು. ನಾಲ್ಕನೆಯದಾಗಿ, ತಪ್ಪು ತೋರಿಸಿದವರಿಗೆ 30 ದಿನಗಳೊಳಗೆ ಉತ್ತರ ನೀಡುವ ಹೊಣೆ ಹೊತ್ತ ಅಧಿಕಾರಿಯೊಬ್ಬರು ಪ್ರತಿ ಇಲಾಖೆಯಲ್ಲಿರಬೇಕು. ಆದ ತಿದ್ದುಪಡಿಯನ್ನೂ ಅದರ ಕಾರಣವನ್ನೂ ಪಟ್ಟಿಯ ಜೊತೆಗೇ ಪ್ರಕಟಿಸಬೇಕು.

ವಾಣಿಜ್ಯ ಸಂಸ್ಥೆಗಳಿಗೂ ಇಲ್ಲಿ ಕರ್ತವ್ಯವಿದೆ. ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳ ಸದಸ್ಯರು ದಿನನಿತ್ಯ ಹತ್ತಾರು ಕಚೇರಿಗಳ ಮೆಟ್ಟಿಲು ಹತ್ತುವವರು. ಯಾವ ಕುರ್ಚಿ ಎಷ್ಟು ತಿಂಗಳಿನಿಂದ ಖಾಲಿ ಇದೆ, ಯಾವ ಅಧಿಕಾರಿ ವಾರದಲ್ಲಿ ಎರಡೇ ದಿನ ಲಭ್ಯರು ಎಂಬುದು ಅವರಿಗೆ ಯಾವ ಪಟ್ಟಿಯ ಸಹಾಯವೂ ಇಲ್ಲದೆ ಗೊತ್ತು. ಬೇಡಿಕೆ ಪತ್ರಗಳಲ್ಲಿ ವಿಳಂಬದ ಬಗ್ಗೆ ಸಾಮಾನ್ಯ ದೂರು ಬರೆಯುವುದರ ಬದಲು, ಕೈಗಾರಿಕೆಗೆ ಸಂಬಂಧಿಸಿದ ಏಳೆಂಟು ಕಚೇರಿಗಳ ಸಿಬ್ಬಂದಿ ಸ್ಥಿತಿಯನ್ನು ಪ್ರತಿ ವರ್ಷ ಆಯವ್ಯಯಕ್ಕೆ ಮುನ್ನ ಸರ್ಕಾರಿ ಅಂಕಿಗಳೊಡನೆ ತಾಳೆ ನೋಡಿ ಸಲ್ಲಿಸಿದರೆ ಆ ಮಾತಿಗೆ ತೂಕ ಬರುತ್ತದೆ. ಅದಕ್ಕೆ ಬೇಕಾದದ್ದು ಒಂದು ಸಣ್ಣ ಉಪಸಮಿತಿ ಮತ್ತು ಸ್ವಲ್ಪ ತಾಳ್ಮೆ. ಪಟ್ಟಿಯಲ್ಲಿ ಇದ್ದು ಕಚೇರಿಯಲ್ಲಿ ಇಲ್ಲದ ಪ್ರತಿಯೊಂದು ಹುದ್ದೆಯ ಬೆಲೆಯನ್ನು ಈಗಾಗಲೇ ವ್ಯಾಪಾರಸ್ಥರು ವಿಳಂಬದ ರೂಪದಲ್ಲಿಯೂ, ತೆರಿಗೆದಾರರು ಹಣದ ರೂಪದಲ್ಲಿಯೂ ತೆರುತ್ತಿದ್ದಾರೆ. ಲೆಕ್ಕ ಕೇಳುವುದಕ್ಕೆ ಅಷ್ಟು ಅಧಿಕಾರ ಸಾಕು.